ಹಂಸ ರೇಡಿಯೊದ ಕಣ್ಣು ಕಿತ್ತವರು ಯಾರು?

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ದಶಮಾಂಶ ಸಾಹೇಬರು ಊಟದ ಮೇಜಿನ ಮೇಲೆ ಹಳೆಯ ಹೊದಿಕೆ ಹಾಸಿ, ಏಳು ಸ್ಕ್ರೂಡ್ರೈವರ್‌ಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿ, ಎಂಟನೆಯದಕ್ಕಾಗಿ ಮನೆಯೆಲ್ಲ ತಡಕಾಡುತ್ತಿದ್ದರು. ಅದು ಅವರ ಕಿವಿಯ ಮೇಲೇ ಇತ್ತು.

"ಸಾಯಂಕಾಲ ನಾಲ್ಕು ಗಂಟೆಗೆ ಈ ಹಂಸ ಬಾಯಿ ಬಿಡದೇ ಇದ್ರೆ ನನ್ನ ಹೆಸರೇ ಬದಲಾಯಿಸ್ಕೊಳ್ತೀನಿ, ನೋಡ್ತಿರು!" ಎಂದು ಗುಡುಗಿದರು.

"ಅದನ್ನ ನಿಮ್ಮ ಆಫೀಸಿನವರು ಯಾವತ್ತೋ ಬದಲಾಯಿಸಿ ಆಯ್ತಲ್ರೀ," ಎಂದರು ಹೆಂಡತಿ, ಅಡುಗೆಮನೆಯಿಂದಲೇ.

ಮಾತು ಸುಳ್ಳಲ್ಲ. ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯ ತಕ್ಕಡಿ ಎರಡು ಗ್ರಾಂ ಆಚೀಚೆಯಾದರೆ ಅವರಿಗೆ ಒಂದು ದಿನ ಊಟ ಸೇರುತ್ತಿರಲಿಲ್ಲ, ಅಂಗಡಿಯವನಿಗೆ ಒಂದು ವಾರ. ನಿಮ್ಮ ಎತ್ತರ ಎಷ್ಟು ಎಂದು ಯಾರಾದರೂ ಕೇಳಿದರೆ, "ಬೆಳಗಿನದ್ದಾ, ಸಂಜೆಯದ್ದಾ?" ಎಂದು ತಿರುಗಿ ಕೇಳುವ ಜಾಯಮಾನ. ಇಂಥವರನ್ನು ಸಹೋದ್ಯೋಗಿಗಳು ದಶಮಾಂಶ ಎನ್ನದೆ ಇನ್ನೇನು ಎಂದಾರು? ಹೆಂಡತಿ ಊರಿನ ಲೈಬ್ರರಿಯಲ್ಲಿ ಗ್ರಂಥಪಾಲಕಿ. ಇಪ್ಪತ್ತೇಳು ವರ್ಷದಿಂದ ಪುಸ್ತಕಗಳ ನಡುವೆ ಮೌನವಾಗಿರುವುದನ್ನು ಕಲಿತಿದ್ದರು. ಮನೆಗೆ ಬಂದ ಕೂಡಲೇ ಆ ಕಲಿಕೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಡುತ್ತಿದ್ದರು.

ಮೇಜಿನ ಮೇಲೆ ಕೂತಿದ್ದ ಮಹಾನುಭಾವ ಒಂದು ರೇಡಿಯೊ. ಮರದ ಪೆಟ್ಟಿಗೆ, ಚಿನ್ನದ ಎಳೆಯ ಬಟ್ಟೆ, ದಂತದ ಬಣ್ಣದ ಮೂರು ತಿರುಗುಗುಂಡಿಗಳು, ನೆತ್ತಿಯ ನಡುವೆ ಹಿತ್ತಾಳೆಯ ಪುಟ್ಟ ಹಂಸ. ಸಾಹೇಬರ ಮಾವ ಹಡಗಿನ ಗುಮಾಸ್ತರಾಗಿದ್ದಾಗ ಯಾವುದೋ ಬಂದರಿನಲ್ಲಿ ಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದದ್ದು. ಮೂವತ್ತೊಂದು ವರ್ಷದ ಹಿಂದೆ ಒಂದು ದಿನ ಅದು ಮೂಕವಾಯಿತು. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಕಪಾಟಿನ ನೆತ್ತಿ ಸೇರಿತು.

ಈಗ ಅದನ್ನು ಕೆಳಗಿಳಿಸಿದ್ದು ಅತ್ತೆಯ ಕಣ್ಣು. ಅತ್ತೆ ಇದ್ದದ್ದು ಎರಡು ಬೀದಿ ಆಚೆ, ಮಗನ ಮನೆಯಲ್ಲಿ. ಗುರುವಾರ ಅವರ ಕಣ್ಣಿಗೆ ಆಪರೇಷನ್ ಆಗಿತ್ತು. ಹದಿನೈದು ದಿನ ಓದುವಂತಿಲ್ಲ, ಟಿವಿ ನೋಡುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಎರಡು ತಿಂಗಳ ಮೊದಲೇ ಅತ್ತೆ ಒಂದೇ ಒಂದು ಆಸೆ ಹೇಳಿದ್ದರು: "ಕಣ್ಣು ಮುಚ್ಕೊಂಡಿರೋ ಹದಿನೈದು ದಿನ ಅವರ ರೇಡಿಯೊ ಕೇಳಿದ್ರೆ ಸಾಕು. ಈಗಿನವು ಬಾಯಿಗೆ ಬಂದ ಹಾಗೆ ಮಾತಾಡ್ತವೆ. ಅದು ಯೋಚನೆ ಮಾಡಿ ಮಾತಾಡ್ತಿತ್ತು."

"ಇಷ್ಟೇ ತಾನೇ? ಆಯ್ತು ಅಂದ್ಕೊಳ್ಳಿ!" ಎಂದು ಸಾಹೇಬರು ಮಾತು ಕೊಟ್ಟರು. ಕೊಟ್ಟ ಮೇಲೆ ಆರು ಭಾನುವಾರ ಕೂತು ಧೂಳು ಒರೆಸಿದರು, ಒಣಗಿ ಉದುರುತ್ತಿದ್ದ ವೈರುಗಳನ್ನು ಬದಲಿಸಿದರು, ಕೆಟ್ಟುಹೋಗಿದ್ದ ಕೆಪಾಸಿಟರುಗಳನ್ನು ಒಂದೊಂದಾಗಿ ಕಿತ್ತು ಹೊಸದು ಕೂರಿಸಿದರು. ಹಿಂದಿನ ಸಂಜೆ ಅತ್ತೆ ಫೋನಿನಲ್ಲಿ, "ಹೇಗಾಗ್ತಿದೆ ಅಳಿಯಂದಿರೇ?" ಎಂದು ವಿಚಾರಿಸಿದ್ದರು.

"ನಾಳೆ ನಾಲ್ಕಕ್ಕೆ ಬನ್ನಿ. ಒಂದು ಸೆಕೆಂಡೂ ತಡ ಆಗಲ್ಲ!"

"ಅವಸರ ಮಾಡ್ಬೇಡಿ. ಸ್ವಲ್ಪ ಕಾಯ್ಲಿ ಬಿಡಿ."

ಅತ್ತೆ ಕಾಯಲು ಸಿದ್ಧರಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ಸಾಹೇಬರ ಮನಸ್ಸು ತುಂಬಿ ಬಂತು. ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಇಟ್ಟರು: "ಅತ್ತೆಯವರು ಕಾಯುತ್ತಾರೆ. ಆದರೂ ಕಾಯಿಸಬಾರದು."

ಅದೇ ಶನಿವಾರ ಅಂಚೆಯಲ್ಲಿ ಬ್ರಹ್ಮಾಸ್ತ್ರವೂ ಬಂದಿತ್ತು! ಹಂಸ ಕಂಪನಿ ಹುಟ್ಟಿದ ದೇಶದಲ್ಲಿ ಹಳೆಯ ರೇಡಿಯೊ ಕೂಡಿಡುವ ಪುಣ್ಯಾತ್ಮನೊಬ್ಬ ಕಳಿಸಿದ ರಿಪೇರಿ ಕೈಪಿಡಿಯ ಪ್ರತಿ. ಅರವತ್ತನಾಲ್ಕು ಪುಟ, ಒಂದಕ್ಷರ ಅರ್ಥವಾಗದ ಭಾಷೆ. ಸಾಹೇಬರು ಹೆಂಡತಿಯ ಲೈಬ್ರರಿಯ ನಿಘಂಟು ಹಿಡಿದು ಮುಖ್ಯ ವಾಕ್ಯಗಳನ್ನು ಒಂದೊಂದಾಗಿ ಬಿಡಿಸಿದ್ದರು. ರೇಡಿಯೊದ ಮುಖದ ಮೇಲೆ "ಹಂಸ ೪೧೨", ಕೈಪಿಡಿಯ ಮೇಲೂ "ಹಂಸ ೪೧೨". ಇನ್ನೇನು ಬೇಕು!

ಕೈಪಿಡಿಯ ಒಂಬತ್ತನೆಯ ಪುಟದ ಅಪ್ಪಣೆ ಸ್ಪಷ್ಟವಾಗಿತ್ತು: ಗುಂಡಿ ತಿರುಗಿಸಿದ ಹದಿನೈದು ಸೆಕೆಂಡಿನೊಳಗೆ ಧ್ವನಿ ಬರಬೇಕು. ಬಾರದಿದ್ದರೆ ಕೂಡಲೇ ಆರಿಸಬೇಕು. ಸಾಹೇಬರು ಸ್ಟಾಪ್‌ವಾಚ್ ಹಿಡಿದರು, ಗುಂಡಿ ತಿರುಗಿಸಿದರು. ದೀಪ ಹೊತ್ತಿತು, ದೂರದ ಊರುಗಳ ಹೆಸರೆಲ್ಲ ಗಾಜಿನ ಮೇಲೆ ಹಳದಿಯಾಗಿ ಬೆಳಗಿದವು. ಸಾಹೇಬರು ಎಣಿಸತೊಡಗಿದರು. ಹದಿಮೂರು, ಹದಿನಾಲ್ಕು, ಹದಿನೈದು. ಟಕ್. ಆರಿಸಿದರು.

ಹನ್ನೊಂದು ಸಲ ಹೀಗೆ ಮಾಡಿದರು. ಟಿಪ್ಪಣಿ ಪುಸ್ತಕದಲ್ಲಿ ಹನ್ನೊಂದು ಸಾಲು ಬರೆದರು. ಹನ್ನೊಂದರಲ್ಲೂ "ಧ್ವನಿ: ಇಲ್ಲ."

"ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ನೋಡಬಾರ್ದಾ?" ಎಂದರು ಹೆಂಡತಿ.

"ಹದಿನೈದು ಅಂದ್ರೆ ಹದಿನೈದು ಕಣೇ. ಇದೇನು ನಿಮ್ಮ ಲೈಬ್ರರಿ ಪುಸ್ತಕವಾ, ಇನ್ನೊಂದು ವಾರ ಇರ್ಲಿ ಅನ್ನೋಕೆ?"

ಹನ್ನೆರಡನೆಯ ಸಲಕ್ಕೆ ಕೈ ಹಾಕುವ ಬದಲು ಸಾಹೇಬರು ಹಿಂಬದಿಯ ಹಲಗೆ ಬಿಚ್ಚಿ, ಕೈಪಿಡಿಯ ಚಿತ್ರಕ್ಕೂ ಪೆಟ್ಟಿಗೆಯ ಒಳಭಾಗಕ್ಕೂ ತಾಳೆ ನೋಡತೊಡಗಿದರು. ಒಳಗೆ ಗಾಜಿನ ವಾಲ್ವುಗಳು ಸಣ್ಣ ಸೀಸೆಗಳಂತೆ ನಿಂತಿದ್ದವು. ಚಿತ್ರದಲ್ಲಿ ಏಳು. ಪೆಟ್ಟಿಗೆಯಲ್ಲಿ ಐದು! ಚಿತ್ರದ ಮುಖದಲ್ಲಿ ನಾಲ್ಕು ಗುಂಡಿ. ಎದುರಿಗಿದ್ದುದರಲ್ಲಿ ಮೂರು! ಚಿತ್ರದಲ್ಲಿ ಹಂಸ ಕೆಳಮೂಲೆಯಲ್ಲಿ, ನೆತ್ತಿಯ ನಡುವೆ ಒಂದು ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಸಿಕ್ಕಿದಾಗ ಅದು ಮಿನುಗಬೇಕಂತೆ. ಎದುರಿಗಿದ್ದುದರಲ್ಲಿ ಕಣ್ಣಿಲ್ಲ, ಅದರ ಜಾಗದಲ್ಲಿ ಹಿತ್ತಾಳೆ ಹಂಸ.

"ಲೇ, ಬಾ ಇಲ್ಲಿ! ಕಳ್ಳತನ ಆಗಿದೆ!"

ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದರು. "ಎಲ್ಲಿ? ಯಾವಾಗ?"

"ಮೂವತ್ತೊಂದು ವರ್ಷದ ಹಿಂದೆ!"

ಹೆಂಡತಿ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಸಾಹೇಬರು ಸಾಕ್ಷ್ಯಗಳನ್ನು ಮಂಡಿಸಿದರು. ಎರಡು ವಾಲ್ವು ನಾಪತ್ತೆ. ಆ ಎರಡರಲ್ಲಿ ಒಂದು ಹಸಿರು ಕಣ್ಣೇ. ಕಣ್ಣಿನ ತೂತು ಕಾಣಬಾರದೆಂದು ಮೇಲೆ ಹಂಸ ಬಡಿದಿದ್ದಾರೆ. ಅದನ್ನೂ ಅವಸರದಲ್ಲಿ ಬಡಿದಿದ್ದಾರೆ, ಏಕೆಂದರೆ ಚಿತ್ರದ ಹಂಸದ ಕೊಕ್ಕು ಬಲಕ್ಕಿದೆ, ಇದರದ್ದು ಎಡಕ್ಕೆ!

"ಮೊದಲು ತೂತು ಇದ್ಯಾ ನೋಡಿ."

ಸಾಹೇಬರು ಎಂಟನೆಯ ಸ್ಕ್ರೂಡ್ರೈವರಿನಿಂದ ಹಂಸವನ್ನು ಮೆಲ್ಲಗೆ ಎಬ್ಬಿಸಿದರು. ಹಿಂದೆ ನುಣ್ಣನೆ ಮರ. ತೂತೂ ಇಲ್ಲ, ತೂತಿನ ಸುಳಿವೂ ಇಲ್ಲ. ಬೇರೆ ಯಾರಾದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಸಾಹೇಬರ ಮುಖ ಮಾತ್ರ ಇನ್ನಷ್ಟು ಅರಳಿತು.

"ತುಂಬಿಬಿಟ್ಟಿದ್ದಾನೆ! ಎಂಥ ಕೈಚಳಕ! ಹಲ್ಲಿನ ತೂತು ತುಂಬೋನಿಗೆ ಮರದ ತೂತು ಯಾವ ಲೆಕ್ಕ?"

ಹೆಂಡತಿಯ ಹುಬ್ಬು ಮೇಲೇರಿತು. ಅವರ ಒಬ್ಬನೇ ತಮ್ಮ ಹಲ್ಲಿನ ಡಾಕ್ಟರು. ಮೂವತ್ತೊಂದು ವರ್ಷದ ಹಿಂದೆ, ಕಾಲೇಜು ಹುಡುಗನಾಗಿದ್ದಾಗ, ಒಂದು ಮಧ್ಯಾಹ್ನ ಈ ರೇಡಿಯೊ ಬಿಚ್ಚಿಕೊಂಡು ಕೂತಿದ್ದವನು ಅವನೇ. ಅದು ಮೂಕವಾದದ್ದು ಆ ಮಧ್ಯಾಹ್ನವೇ.

"ಏನ್ರೀ ಹೇಳ್ತಿದ್ದೀರಾ ನೀವು? ನನ್ನ ತಮ್ಮ ಕಳ್ಳನಾ?"

"ಕಳ್ಳ ಅಂತ ನಾನೆಲ್ಲಿ ಅಂದೆ? ಕೀಳೋದು ಅವನ ಹುಟ್ಟುಗುಣ ಅಂದೆ ಅಷ್ಟೆ. ಆಮೇಲೆ ಅದನ್ನೇ ವೃತ್ತಿ ಮಾಡ್ಕೊಂಡ."

"ಆ ಪುಸ್ತಕ ಇದೇ ರೇಡಿಯೊದ್ದು ಅಂತ ಖಾತ್ರಿನಾ? ಯಾವ ಮುದ್ರಣ ಅಂತ ನೋಡಿದ್ರಾ?"

"ರೇಡಿಯೊಗೆ ಎಲ್ಲಿಯ ಮುದ್ರಣ ಕಣೇ!" ಎಂದು ನಕ್ಕು, ಸಾಹೇಬರು ಬಿಳಿ ಹಾಳೆ ಎಳೆದುಕೊಂಡರು.

ಇಲ್ಲಿಯವರೆಗೆ ಆದದ್ದು ಮನೆಯೊಳಗಿನ ಮಾತು. ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ಇಲಾಖೆಯಲ್ಲಿ ಪತ್ರ ಬರೆದ ಕೈ ಅದು. ಹಾಳೆ ಕಂಡ ಕೂಡಲೇ ಬಾಮೈದನ ಹೆಸರಿಗೆ ತಾನಾಗಿ ಓಡಿತು:

"ವಿಷಯ: ಹಂಸ ಗುರುತಿನ ರೇಡಿಯೊದಿಂದ ಕಾಣೆಯಾಗಿರುವ ಭಾಗಗಳ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ರೇಡಿಯೊದ ಎರಡು ವಾಲ್ವು, ಒಂದು ಗುಂಡಿ ಹಾಗೂ ಮೇಲ್ಕಂಡ ವಾಲ್ವುಗಳಲ್ಲಿ ಸೇರಿದ ಒಂದು ಕಣ್ಣು, ಸದರಿಯದು ತಮ್ಮ ವಶದಲ್ಲಿದ್ದ ಅವಧಿಯಲ್ಲಿ ಕಾಣೆಯಾಗಿದ್ದು, ಇವುಗಳನ್ನು ಇಂದು ಸಂಜೆ ನಾಲ್ಕರೊಳಗೆ ಹಾಜರುಪಡಿಸತಕ್ಕದ್ದು."

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಪತ್ರದ ಕೆಳಗೆ ಎಡಮೂಲೆ ಖಾಲಿ ಬಿಟ್ಟರೆ ಸಾಹೇಬರಿಗೆ ಬರಿಗಾಲಲ್ಲಿ ಆಫೀಸಿಗೆ ಹೋದಂತಾಗುತ್ತದೆ. ಆದ್ದರಿಂದ ಬರೆದರು: "ಪ್ರತಿ: ಅತ್ತೆಯವರಿಗೆ, ಮಾಹಿತಿಗಾಗಿ ಹಾಗೂ ಮುಂದಿನ ಅಗತ್ಯ ಕ್ರಮಕ್ಕಾಗಿ."

ಫೋಟೊ ತೆಗೆದು ಇಬ್ಬರ ಫೋನಿಗೂ ಕಳಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂತರು.

ಅತ್ತೆ ಓದುವಂತಿಲ್ಲ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಅತ್ತೆಯ ಫೋನು ಟಿಣ್ ಎಂದಾಗ ಅವರು ಮಗನನ್ನು ಕರೆದು, "ಅಳಿಯಂದಿರು ಏನೋ ಕಳಿಸಿದ್ದಾರೆ, ಜೋರಾಗಿ ಓದಪ್ಪ," ಎಂದರಂತೆ. ಹೀಗೆ ಆರೋಪಪಟ್ಟಿಯನ್ನು ಆರೋಪಿಯೇ ತಾಯಿಯ ಮುಂದೆ ನಿಂತು, ವಿಷಯದಿಂದ ಪ್ರತಿಯವರೆಗೆ, ಸ್ಪಷ್ಟ ಉಚ್ಚಾರದಲ್ಲಿ ಓದಿ ಮುಗಿಸಿದ!

ಎರಡು ಗಂಟೆ ನಲವತ್ತು ನಿಮಿಷಕ್ಕೆ ಹೆಂಡತಿಗೆ ತಮ್ಮನ ಫೋನು ಬಂತು. ಅವರು ಮಾತಾಡಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಇಟ್ಟ ಮೇಲೆ ಸಾಹೇಬರ ಮುಂದೆ ಬಂದು ನಿಂತರು. ಲೈಬ್ರರಿಯಲ್ಲಿ ಪುಸ್ತಕದ ಹಾಳೆ ಹರಿದವರನ್ನು ನೋಡುವ ನೋಟ ಅದು.

"ಅಮ್ಮನ್ನ ಕರ್ಕೊಂಡು ಬರ್ತಾನಂತೆ. ಇದೇ ಕೊನೇ ಸಲ ನಿಮ್ಮನೆ ಮೆಟ್ಟಲು ಹತ್ತೋದು ಅಂದ. ನಂಗಿರೋನು ಒಬ್ಬನೇ ತಮ್ಮ ರೀ. ಅವನು ಈ ಬಾಗಿಲಿಗೆ ಬರೋದು ನಿಂತರೆ ನೀವೂ ನಿಮ್ಮ ಹಂಸನೂ ಆ ಕಪಾಟಿನ ಮೇಲೇ ಸಂಸಾರ ಮಾಡ್ಕೊಳ್ಳಿ!"

ಸಾಹೇಬರು ಕಳಿಸಿದ ಪತ್ರವನ್ನು ಫೋನಿನಲ್ಲಿ ತೆರೆದು ಮೊದಲ ಬಾರಿ ತಾವೇ ಓದಿದರು. ಅದರ ಭಾರ ಎಷ್ಟು ಗ್ರಾಂ ಎಂದು ಹೇಳಲಾಗದಂಥದ್ದು.

ನಾಲ್ಕು ಗಂಟೆಗೆ ಸರಿಯಾಗಿ ಕಾರು ನಿಂತಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮಗನ ತೋಳು ಹಿಡಿದು ಬಂದು, ರೇಡಿಯೊದ ಪಕ್ಕದ ಕುರ್ಚಿಯಲ್ಲಿ ಕೂತರು. ಬೆರಳಿನಿಂದ ಚಿನ್ನದ ಎಳೆಯ ಬಟ್ಟೆ ಸವರಿದರು. ಬಾಮೈದ ಕೂರಲೇ ಇಲ್ಲ.

"ಭಾವ, ನನ್ನ ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ನಾನು ಕಿತ್ತಿದ್ದೆಲ್ಲ ಹಲ್ಲು. ಅದೂ ಕೇಳಿ, ಇಂಜೆಕ್ಷನ್ ಕೊಟ್ಟು! ಕಣ್ಣು ಕಿತ್ತಿದ್ದು ಒಂದೂ ಇಲ್ಲ!"

"ಹಾಗಾದ್ರೆ ಎರಡು ವಾಲ್ವು ಎಲ್ಲಿ ಹೋಯ್ತು?"

"ನಂಗೇನು ಗೊತ್ತು? ಅವತ್ತು ಹಿಂದಿನ ಹಲಗೆ ಬಿಚ್ಚಿದೆ, ಒಳಗೆ ನೋಡಿ ಹೆದರಿ ಮತ್ತೆ ಮುಚ್ಚಿದೆ. ಅಷ್ಟೇ!"

"ಹಂಸದ ಕೊಕ್ಕು ಎಡಕ್ಕೆ ಯಾಕಿದೆ?"

"ಅದಕ್ಕೆ ಬಲಗಡೆ ಹಲ್ಲು ನೋವಿರಬೇಕು!"

ಹೆಂಡತಿಗೆ ನಗು ಬಂದುಬಿಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬಾಮೈದ ಮಾತ್ರ ನಗಲಿಲ್ಲ. ಮೇಜಿನ ಬಳಿ ಬಂದು, "ಏನು ಪಂಚನಾಮೆ ಮಾಡಿದ್ದೀರಾ ನೋಡೇಬಿಡೋಣ," ಎಂದು ತಾನೇ ಗುಂಡಿ ತಿರುಗಿಸಿದ. ದೀಪ ಹೊತ್ತಿತು.

ಸಾಹೇಬರ ಕೈ ತಾನಾಗಿ ಸ್ಟಾಪ್‌ವಾಚಿಗೆ ಹೋಯಿತು. ಹದಿನೈದು ಆಯಿತು.

"ಆರಿಸು! ಹದಿನೈದಾಯ್ತು, ಆರಿಸು!"

"ಆರಿಸಲ್ಲ!" ಬಾಮೈದ ರೇಡಿಯೊಗೆ ಅಡ್ಡ ನಿಂತ. "ಭಾವ, ಇದನ್ನ ನಾನೇ ಹಾಳು ಮಾಡಿದ್ದು ಅಂತ ಅವತ್ತಿಂದ ಇವತ್ತಿನವರೆಗೂ ಒಳಗೊಳಗೇ ಅಂದ್ಕೊಂಡಿದ್ದೀನಿ. ಅಪ್ಪ ಇರೋ ತನಕ ಒಂದು ದಿನಾನೂ ಯಾಕೋ ಹೀಗ್ಮಾಡಿದೆ ಅಂತ ಕೇಳ್ಲಿಲ್ಲ. ನೀವು ಕೇಳ್ಬಿಟ್ರಿ. ಅದೂ ಪ್ರತಿ ಸಮೇತ!"

ಗುಂಡಿಯತ್ತ ಚಾಚಿದ್ದ ಕೈಯನ್ನು ಸಾಹೇಬರು ಹಿಂದೆಳೆದುಕೊಂಡರು. ಸ್ಟಾಪ್‌ವಾಚು ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

"ಇಬ್ಬರೂ ಸ್ವಲ್ಪ ಸುಮ್ನಿರಿ," ಎಂದರು ಅತ್ತೆ, ಕೈ ಪೆಟ್ಟಿಗೆಯ ಮೇಲೇ ಇಟ್ಟುಕೊಂಡು. "ನಿನ್ನೆನೇ ಹೇಳಿದ್ನಲ್ಲ ಅಳಿಯಂದಿರೇ, ಸ್ವಲ್ಪ ಕಾಯ್ಲಿ ಬಿಡಿ ಅಂತ."

"ನೀವು ಕಾಯ್ತೀರಿ ಅತ್ತೆ, ಅದು ನಿಮ್ಮ ದೊಡ್ಡತನ. ಆದ್ರೆ..."

"ನಾನಲ್ಲ! ರೇಡಿಯೊ! ರೇಡಿಯೊ ಕಾಯ್ಲಿ! ಬಿಸಿ ಆಗ್ಲಿ! ನಾನೇನು ಹಾಲಾ, ಕಾಯೋಕೆ?"

ಮೂವತ್ತೆಂಟನೆಯ ಸೆಕೆಂಡು. ಬಿಸಿ ಮರದ, ಬಿಸಿ ಧೂಳಿನ ವಾಸನೆ ಮೆಲ್ಲಗೆ ಎದ್ದಿತು. ಬಟ್ಟೆಯ ಹಿಂದೆ ಏನೋ ಗೊರಗೊರ ಎಂದಿತು, ಕೆಮ್ಮಿತು, ಸಾವರಿಸಿಕೊಂಡಿತು. ಆಮೇಲೆ ದಪ್ಪನೆಯ, ತುಂಬು ಗಂಟಲಿನ ಹೆಂಗಸಿನ ಧ್ವನಿಯೊಂದು ಕೋಣೆಯ ನಡುವೆ ಬಂದು ನಿಂತಂತೆ ಹೇಳಿತು: "...ಹಾಂ, ಈಗ ಮೆಲ್ಲಗೆ ಉಸಿರು ಬಿಡಿ."

ಯಾವುದೋ ವ್ಯಾಯಾಮದ ಕಾರ್ಯಕ್ರಮ! ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು.

ಆಮೇಲೆ ಒಂದೇ ಗದ್ದಲ! ಸಾಹೇಬರು "ಬಂತು! ಬಂತು!" ಎಂದು ಕುಣಿದೇಬಿಟ್ಟರು, ಹೆಂಡತಿ ಚಪ್ಪಾಳೆ ತಟ್ಟಿದರು, ಬಾಮೈದ ಮೂಗು ಒರೆಸಿಕೊಳ್ಳುತ್ತಾ ಗೋಡೆಯ ಕಡೆ ತಿರುಗಿ ನಿಂತ. ಅತ್ತೆ ಮಗನ ಬೆನ್ನು ತಡವುತ್ತಾ, "ನೋಡು, ನಿಂದೇನೂ ತಪ್ಪಿರ್ಲಿಲ್ಲ," ಎಂದರು.

"ಕೆಪಾಸಿಟರು," ಎಂದರು ಸಾಹೇಬರು, ಈ ಸಲ ಮೆತ್ತಗೆ. "ವಯಸ್ಸಾಗಿ ತಾವಾಗೇ ಕೆಟ್ಟಿದ್ವು. ಅವತ್ತು ನೀನು ಬಿಚ್ಚದೇ ಇದ್ರೂ ಕೆಡ್ತಿದ್ವು."

ಹಾಗಾದರೆ ಐದೇ ವಾಲ್ವಿನಲ್ಲಿ ಅದು ಮಾತಾಡಿದ್ದು ಹೇಗೆ? ಹೆಂಡತಿ ರೇಡಿಯೊ ಆರಿಸಿ, ಪ್ಲಗ್ ಕಿತ್ತು, ತಮ್ಮನ ಕೈಯಲ್ಲಿ ಅದನ್ನು ಓರೆಯಾಗಿ ಹಿಡಿಸಿದರು. ಅಡಿಯಲ್ಲಿ ಅಂಗೈಯಗಲದ ಬಿಳಿ ಚೀಟಿ: "ಪರಿಶೀಲಿಸಲಾಗಿದೆ", ದಿನಾಂಕ, ಸಾಹೇಬರ ಸಹಿ. ಮನೆಯ ಫ್ರಿಜ್ಜಿಗೂ ಇಸ್ತ್ರಿಪೆಟ್ಟಿಗೆಗೂ ಸಾಹೇಬರು ಅಂಟಿಸಿದ್ದು ಅಂಥದ್ದೇ ಚೀಟಿ. ಹಳೆಯ ಪುಸ್ತಕದ ಬೆನ್ನಿನ ಚೀಟಿ ಬಿಡಿಸಿ ಪಳಗಿದ ಕೈ ಹೆಂಡತಿಯದು. ಒದ್ದೆ ಬಟ್ಟೆ ಒತ್ತಿ, ಉಗುರಿನ ತುದಿಯಿಂದ ಎಳೆದರು. ಚೀಟಿ ಇಡಿಯಾಗಿ ಎದ್ದು ಬಂತು. ಕೆಳಗೊಂದು ಲೋಹದ ಫಲಕ.

ನಿಘಂಟು ತರಿಸಿ ಅವರೇ ಓದಿದರು: ಹಂಸ ಕಂಪನಿಯ ಪರವಾನಗಿಯ ಮೇರೆಗೆ, ಬೇರೊಂದು ದೇಶದ ಕಾರ್ಖಾನೆಯಲ್ಲಿ ತಯಾರಾದದ್ದು. ವಾಲ್ವುಗಳು ಐದು.

"ಲೈಸೆನ್ಸಾ?" ಎಂದರು ಅತ್ತೆ. "ನಿಮ್ಮ ಮಾವ ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ಮಾಡಿಸ್ತಿದ್ರಲ್ಲ, ಅದಾ?"

"ಅದು ಕೇಳೋಕೆ ಲೈಸೆನ್ಸು ಅಮ್ಮ. ಇದು ಮಾಡೋಕೆ," ಎಂದು ಹೆಂಡತಿ ಗಂಡನ ಕಡೆ ತಿರುಗಿದರು. "ನಿಮ್ಮ ಕೈಪಿಡಿ ಮೂಲದ್ದು ರೀ. ನಮ್ಮನೇಲಿರೋದು ಅನುಮತಿ ತಗೊಂಡು ಮಾಡಿದ ಅನುವಾದ! ಆ ದೇಶದವರು ಅವರಿಗೆ ಸಿಗೋ ವಾಲ್ವು ಹಾಕಿ, ಎರಡನ್ನ ಬಿಟ್ಟು, ಹಂಸನ ಈ ಕಡೆ ತಿರುಗಿಸಿ, ನಿಧಾನವಾಗಿ ಕಾಯೋ ಹಾಗೆ ಮಾಡಿದ್ದಾರೆ. ಮೂಲದಲ್ಲಿ ಏಳು ಅಧ್ಯಾಯ, ಇದರಲ್ಲಿ ಐದೇ ಇದೆ ಅಂತ ಯಾರಾದ್ರೂ ಓದೋನ ಮೇಲೆ ಕಳ್ಳತನದ ಕೇಸು ಹಾಕ್ತಾರಾ?"

ಸಾಹೇಬರು ಏಳು ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದರು. ಉದ್ದದ ಪ್ರಕಾರ ಅಲ್ಲ, ಕೈಗೆ ಸಿಕ್ಕಿದ ಹಾಗೆ.

"ತಪ್ಪಾಯ್ತು," ಎಂದರು ಬಾಮೈದನಿಗೆ.

"ಬಾಯಲ್ಲಿ ಹೇಳಿದ್ರೆ ಸಾಲಲ್ಲ ಭಾವ. ಆರೋಪ ಬರವಣಿಗೆಯಲ್ಲಿ ಬಂದಿದೆ!"

"ಸರಿ, ತಿದ್ದುಪಡಿ ಪತ್ರ ಬರೀತೀನಿ."

"ಪ್ರತಿ?"

"ಪ್ರತಿನೂ ಹಾಕ್ತೀನಪ್ಪ!"

ಬಾಮೈದ ಕುರ್ಚಿ ಎಳೆದು ಕೂತ. ಕೂತ ಎನ್ನುವುದೇ ದೊಡ್ಡ ಸುದ್ದಿ. ಹೆಂಡತಿ ಚಹಾಕ್ಕೆ ನೀರಿಟ್ಟು ಬಂದು ಪೆನ್ನು ಹಿಡಿದರು. ಬಾಮೈದ ಹಲ್ಲೆಣಿಸುವ ಲಯದಲ್ಲಿ ಒಂದೊಂದೇ ತಪ್ಪು ಹೇಳುತ್ತಾ ಹೋದ, ಅಕ್ಕ ಬರೆಯುತ್ತಾ ಹೋದರು: ವಾಲ್ವು ಕದ್ದರೆಂದದ್ದು ಒಂದು. ಗುಂಡಿ ಎರಡು. ಕಣ್ಣು ಮೂರು. ತೂತು ತುಂಬಿದರೆಂದದ್ದು, ಅಕ್ಕನೇ ನೆನಪಿಸಿದ್ದು, ನಾಲ್ಕು. ಹಂಸದ ಕೊಕ್ಕು ಐದು. ಹದಿನೈದು ಸೆಕೆಂಡು ಆರು. ಕಾಯುವುದು ಯಾರೆಂದು ತಿಳಿಯದ್ದು ಏಳು. ಫಲಕದ ಮೇಲೇ ಚೀಟಿ ಅಂಟಿಸಿದ್ದು ಎಂಟು. ಓದುವಂತಿಲ್ಲದವರಿಗೆ ಪ್ರತಿ ಕಳಿಸಿದ್ದು ಒಂಬತ್ತು.

"ಒಂದೇ ದಿನಕ್ಕೆ ಒಂಬತ್ತು!" ಎಂದ ಬಾಮೈದ, ತೃಪ್ತಿಯಿಂದ.

ರೇಡಿಯೊ ಮತ್ತೆ ಹಚ್ಚಿದ್ದರು. ಅದು ತನ್ನ ಪಾಡಿಗೆ ಕಾಯುತ್ತಿತ್ತು. ಅತ್ತೆ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಅಳಿಯಂದಿರೇ, ನೀವು ಮೊದಲನೇ ಸಲ ನಮ್ಮನೆಗೆ ಬಂದು, ನಿಮ್ಮ ಮಗಳನ್ನ ಮದುವೆ ಆಗ್ತೀನಿ ಅಂದಾಗ ಇವರಪ್ಪ ಒಂದು ಮಾತು ಕೇಳಿದ್ರು. 'ಎಲ್ಲಾ ಸರಿ, ನಿಮ್ಮಿಂದ ತಪ್ಪು ಗಿಪ್ಪು ಆಗೋದುಂಟಾ?' ಅಂತ. ನೀವು ಎದ್ದು ನಿಂತು, ಮನೆಗೆಲ್ಲ ಕೇಳೋ ಹಾಗೆ, ವರ್ಷಕ್ಕೆ ಸರಾಸರಿ ಇಷ್ಟು ತಪ್ಪು ಅಂತ ಒಂದು ಲೆಕ್ಕ ಒಪ್ಪಿಸಿದ್ರಿ. ಎಷ್ಟು ಅಂದಿದ್ರಿ?"

"ಅತ್ತೆ, ಅದೆಲ್ಲ ಈಗ ಯಾಕೆ..."

"ಹೇಳಿ ರೀ," ಎಂದರು ಹೆಂಡತಿ, ಪೆನ್ನು ಎತ್ತಿ ಹಿಡಿದು.

ಸಾಹೇಬರು ನೆಲ ನೋಡಿದರು. ಸೂರು ನೋಡಿದರು. ಆಮೇಲೆ, ಅಷ್ಟು ವರ್ಷಗಳ ಹಿಂದೆ ಎದೆಯುಬ್ಬಿಸಿ ಹೇಳಿದ್ದನ್ನೇ, ಯಾರಿಗೂ ಕೇಳಿಸದಿರಲಿ ಎನ್ನುವಷ್ಟು ಮೆಲ್ಲಗೆ ಹೇಳಿದರು:

"ಸೊನ್ನೆ ದಶಮಾಂಶ ಮೂರು, ಮೂರು, ಮೂರು..."